ಅವ್ವನ ಪಾದದ ಮೇಲೆ ಮಲಗಿದ ಮರಿ

ದಿನವಿಡೀ ಬಿಸಿಲು ಕುಡಿದ, ನೆಲಕ್ಕೆ ಹಾಸಿದ ಪರಸಿ ಕಲ್ಲಿನ ಮೇಲೆ ಸಂಜೆ ಹೊತ್ತು ನೀರು ಸುರಿದರೆ ಒಂದು ವಾಸನೆ ಏಳುತ್ತದೆ. ಅದು ಮಣ್ಣಿನದೂ ಅಲ್ಲ, ಕಲ್ಲಿನದೂ ಅಲ್ಲ; ಬೆಳಗಿನಿಂದ ಬಾಯಿ ಬಿಗಿಹಿಡಿದಿದ್ದ ಮನೆಯೊಂದು ಉಸಿರು ಬಿಟ್ಟಂತೆ ಇರುತ್ತದೆ. ಮೊನ್ನೆ ಯಾದಗಿರಿಯ ಬಸ್ ನಿಲ್ದಾಣದ ಎದುರು ಚಹಾದ ಅಂಗಡಿಯವನು ಕಟ್ಟೆಗೆ ನೀರು ಹೊಡೆದಾಗ ಆ ವಾಸನೆ ಬಂತು. ಕೈಯಲ್ಲಿದ್ದ ಚಹಾ ಆರಿಹೋಗುವವರೆಗೂ ನಾನು ದೋರನಹಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿದ್ದೆ. ಮಣ್ಣಿನ ಮಾಳಿಗೆ, ಮೊಳದಗಲದ ಗೋಡೆ, ನಡುಮನೆಗೆ ಒಂದೇ ಬೆಳಕಿಂಡಿ. ಆ ಕಿಂಡಿಯಿಂದ ಬೀಳುವ ಬಿಸಿಲಿನ ಚೌಕ ಬೆಳಿಗ್ಗೆ ಒಂದು ಗೋಡೆಯಿಂದ ಹೊರಟು ಸಂಜೆ ಇನ್ನೊಂದು ಗೋಡೆಗೆ ಹೋಗಿ ಮುಟ್ಟುತ್ತಿತ್ತು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಅದರ ಜೊತೆಗೆ ಅವ್ವನೂ ಮಣೆ ಎಳೆದುಕೊಂಡು ಸ್ವಲ್ಪ ಸ್ವಲ್ಪವೇ ಸರಿಯುತ್ತಿದ್ದಳು. ಅವಳು ಬರೆಯುತ್ತಿದ್ದಳು.

ಅವ್ವ ನಮ್ಮೂರ ಶಾಲೆಯ ಟೀಚರು. ಊರಿನವರಿಗೆ ಅಕ್ಕೋರು. ವರ್ಷವೆಲ್ಲ ಶಾಲೆ, ರೊಟ್ಟಿ, ನೀರು, ನಾನು, ನನ್ನ ನಾಲ್ಕು ವರ್ಷದ ತಮ್ಮ ಬಸು, ಅಪ್ಪನ ತಾಯಿ ಆಯಿಯ ಮೊಣಕಾಲಿಗೆ ಎಣ್ಣೆ. ಇಷ್ಟರಲ್ಲಿ ಅವಳಿಗೆ ಅಂತ ಉಳಿಯುತ್ತಿದ್ದುದು ಬೇಸಿಗೆಯ ರಜೆ ಒಂದೇ, ಅದರಲ್ಲೂ ಎಲ್ಲರೂ ಉಂಡು ಮಲಗಿದ ಮಧ್ಯಾಹ್ನ. ಅವಳ ಒಂದೆರಡು ಕತೆಗಳು ವಾರಪತ್ರಿಕೆಯಲ್ಲಿ ಬಂದಿದ್ದವು. ಆ ವರ್ಷ ಅದೇ ಪತ್ರಿಕೆಯವರು ಒಂದು ಕಿರುಕಾದಂಬರಿ ಕೇಳಿದ್ದರು. ಶಾಲೆ ಶುರುವಾಗುವುದರೊಳಗೆ ಮುಗಿಸಬೇಕಿತ್ತು. ಆಯಿಗೆ ಓದು ಬರುತ್ತಿರಲಿಲ್ಲ. ಹಾಡುಹಗಲೇ ಸೊಸೆ ನೆಲಕ್ಕೆ ಕೂತು ತನ್ನಷ್ಟಕ್ಕೆ ತಾನು ತುಟಿ ಅಲ್ಲಾಡಿಸುತ್ತ ಕಾಗದ ತುಂಬಿಸುವುದು ಅವಳಿಗೆ ಸರಿಬರುತ್ತಿರಲಿಲ್ಲ. ಅವ್ವ ಪಾತ್ರಗಳ ಮಾತನ್ನು ಮೊದಲು ಬಾಯಲ್ಲಿ ಆಡಿ ನೋಡಿ ಆಮೇಲೆ ಬರೆಯುವವಳು. ಆಯಿ ಅದನ್ನು ಕಂಡಾಗಲೆಲ್ಲ ಒಳಗಿನಿಂದ ಏನಾದರೊಂದು ಕೆಲಸಕ್ಕೆ ಕರೆಯುತ್ತಿದ್ದಳು.

ಅಂಥ ಹೊತ್ತಿನಲ್ಲಿ ಅಪ್ಪ ನಾಯಿಮರಿ ತಂದ. ಅಪ್ಪ ಕಾಲುವೆ ಕಚೇರಿಯಲ್ಲಿ ಗುಮಾಸ್ತ. ನಮ್ಮ ಕಡೆ ಕಾಲುವೆಗೆ ನೀರು ಬಂದು ಆಗಿನ್ನೂ ಹೆಚ್ಚು ವರ್ಷವಾಗಿರಲಿಲ್ಲ. ಕವಲು ಕಾಲುವೆಗಳ ಕೆಲಸ ನಡೆದೇ ಇತ್ತು, ಟಿಪ್ಪರುಗಳು ಧೂಳೆಬ್ಬಿಸಿಕೊಂಡು ಓಡಾಡುತ್ತಿದ್ದವು. ಕಾಲುವೆಯ ಏರಿಯ ಮೇಲೆ ಕುರಿ ತರುಬಿಕೊಂಡು ಬೀಡುಬಿಟ್ಟಿದ್ದ ಮಾಳಪ್ಪ ಅನ್ನುವವನ ನಾಯಿ ಟಿಪ್ಪರಿಗೆ ಸಿಕ್ಕು ಸತ್ತಿತಂತೆ. ಅದರ ಮರಿಗಳಲ್ಲಿ ಒಂದನ್ನು ಅವನು ಅಪ್ಪನ ಸೈಕಲ್ಲಿನ ಚೀಲದಲ್ಲಿ ಇಳಿಬಿಟ್ಟಿದ್ದ. ಕಪ್ಪು ಮೈ, ಎದೆಯ ಮೇಲೆ ಬಿಳಿ ಚುಕ್ಕೆ. ಬಸು ಅದಕ್ಕೆ ಮೋತ್ಯಾ ಅಂದ. ಆಯಿ ಬಾಗಿಲಲ್ಲೇ ನಿಂತು, "ಮನಿಯಾಗಿರೋ ಜೀವಕ್ಕ ನೀರು ಸಾಲವಲ್ದು. ಇದಕ್ಕೆಲ್ಲಿಂದ ತರೂನು?" ಅಂದಳು. ಅವ್ವನ ಮುಖದಲ್ಲಿ ಮಧ್ಯಾಹ್ನಗಳ ಲೆಕ್ಕ ತಪ್ಪಿದ್ದು ನನಗೂ ಕಂಡಿತು. ಮರಿಗೆ ಹಾಲು ಬೇಕು, ಅದು ಹೇತದ್ದನ್ನು ಬಳಿಯಬೇಕು, ಕುಂಯ್ ಅಂದರೆ ಎತ್ತಿಕೊಳ್ಳಬೇಕು. ಎಲ್ಲವೂ ಅವಳ ಪಾಲಿಗೇ ಬಂತು.

ಆದದ್ದು ಮಾತ್ರ ಬೇರೆ. ಮೋತ್ಯಾ ಅವ್ವನನ್ನೇ ಹಿಡಿದುಕೊಂಡಿತು. ಅವಳು ಮಣೆ ಹಾಕಿ ಕೂತು ಪಿಸುಮಾತಿನಲ್ಲಿ ತನ್ನ ಕಾದಂಬರಿಯ ಹೆಂಗಸರ ಮಾತು ಶುರು ಮಾಡಿದಳೆಂದರೆ, ಅದು ಎಲ್ಲಿದ್ದರೂ ಬಂದು ಅವಳ ಪಾದದ ಮೇಲೆ ಮೂತಿ ಇಟ್ಟು ಮಲಗಿಬಿಡುತ್ತಿತ್ತು. ಕಾಲು ಜೋಮು ಹಿಡಿದರೂ ಅವ್ವ ಕದಲುತ್ತಿರಲಿಲ್ಲ. ಒಳಗಿನಿಂದ ಆಯಿ ಕರೆದರೆ, ಮರಿ ಈಗ ಮಲಗಿದೆ, ಎದ್ದರೆ ಅಳುತ್ತದೆ, ಇನ್ನೊಂದು ಗಳಿಗೆಗೆ ಬಂದೆ ಅನ್ನುತ್ತಿದ್ದಳು. ವರ್ಷಗಟ್ಟಲೆ ಅವಳಿಗೆ ಸಿಗದಿದ್ದ ನೆಪವೊಂದನ್ನು ಬಾಲ ಅಲ್ಲಾಡಿಸುವ ಅಂಗೈಯಗಲದ ಜೀವ ತಂದುಕೊಟ್ಟಿತ್ತು. ಪುಟಗಳು ಏರಿದವು. ನೆರೆಮನೆಯವರ ಮುಂದೆ ಆಯಿ, ನಾಯಿ ಎದ್ದೀತು ಅಂತ ನಮ್ಮ ಸೊಸೆ ಏಳುವುದಿಲ್ಲ ಅಂತ ಹೇಳಿಕೊಂಡು ಬಂದಳು. ಮನೆಯಲ್ಲಿ ಯಾರೂ ಜಗಳವಾಡಲಿಲ್ಲ. ಆದರೆ ತಾಟು ಇಡುವ ಸದ್ದು ಜೋರಾಯಿತು. ಜಗಳಕ್ಕಿಂತ ಆ ಸದ್ದಿಗೇ ಮಕ್ಕಳು ಹೆಚ್ಚು ಹೆದರುತ್ತವೆ ಅನ್ನುವುದು ತುಂಬಿದ ಮನೆಯಲ್ಲಿ ಬೆಳೆದ ನಿಮಗೂ ಗೊತ್ತಿರಬೇಕು.

ಒಂದು ಮಧ್ಯಾಹ್ನ ನಾನು ಜೋಳ ಬೀಸಿಸಿಕೊಂಡು ಬರಲು ಗಿರಣಿಗೆ ಹೋಗಿದ್ದೆ. ತಿರುಗಿ ಬರುವಾಗ ಓಣಿಯ ತುದಿಗೇ ಬಸುನ ಅಳು ಕೇಳಿಸಿತು. ಮೋತ್ಯಾನ ಬಾಯಲ್ಲಿದ್ದ ರೊಟ್ಟಿಯ ಚೂರನ್ನು ಕಸಿಯಲು ಹೋಗಿ ಅವನು ಕೈ ಕಚ್ಚಿಸಿಕೊಂಡಿದ್ದ. ಆಯಿ ಕಸಬರಿಗೆ ತೆಗೆದುಕೊಂಡು ಎರಡು ಬಾರಿಸಿದ್ದೇ ಮರಿ ತೆರೆದ ಬಾಗಿಲಿಂದ ಹೊರಗೋಡಿತ್ತು. ಅವ್ವ ಬಚ್ಚಲಲ್ಲಿ ಬಸುನ ಕೈಗೆ ನೀರು ಹಾಕುತ್ತಿದ್ದಳು. ಅವಳ ಬೆರಳಿನ ಶಾಯಿಯೂ ಅವನ ರಕ್ತವೂ ಒಂದೇ ನೀರಿನಲ್ಲಿ ಕೂಡಿ ಹರಿದು ಹೋಗುತ್ತಿದ್ದವು. ಅವಳು ಬರೆಯುತ್ತಿದ್ದ ಜಾಗಕ್ಕೂ ಅವನು ಆಡುತ್ತಿದ್ದ ಜಾಗಕ್ಕೂ ಎರಡು ಮಾರು ದೂರವಿರಲಿಲ್ಲ. ಆದರೂ ಅವಳು ನೋಡಿರಲಿಲ್ಲ.

ಶಹಾಪುರದ ದವಾಖಾನೆಯಲ್ಲಿ ಡಾಕ್ಟರು ಗಾಯ ತೊಳೆದು, ನಾಯಿ ಎಲ್ಲಿ ಅಂತ ಮೊದಲು ಕೇಳಿದರಂತೆ. ಸಣ್ಣ ಗಾಯ, ಮರಿಯನ್ನು ಕಟ್ಟಿಹಾಕಿ ಹತ್ತು ದಿನ ನೋಡಿ, ಚೆನ್ನಾಗಿದ್ದರೆ ಭಯವಿಲ್ಲ, ನಾಳೆ ಸಂಜೆಯೊಳಗೆ ಅದು ಸಿಗದಿದ್ದರೆ ತಡಮಾಡದೆ ಕಲಬುರಗಿಗೆ ಹೋಗಿ ಸೂಜಿ ಶುರು ಮಾಡಿಸಿ ಅಂದರು. ಆಗಿನ ಆ ಸೂಜಿಯ ಮಾತು ಕೇಳಿದರೇ ನಾವು ಮಕ್ಕಳು ಹೊಟ್ಟೆ ಮುಚ್ಚಿಕೊಳ್ಳುತ್ತಿದ್ದೆವು. ಹೊಕ್ಕುಳ ಸುತ್ತ ದಿನಾ ಚುಚ್ಚುತ್ತಿದ್ದರು. ಹಿಂದಿನ ವರ್ಷವಷ್ಟೇ ಹತ್ತಿರದ ಹಳ್ಳಿಯಲ್ಲಿ ಹುಚ್ಚು ನಾಯಿ ಕಚ್ಚಿದ ಒಬ್ಬಾತ ನೀರು ಕಂಡರೆ ಹೌಹಾರಿ ಸತ್ತಿದ್ದ. ಸತ್ತ ತಾಯಿನಾಯಿಗೆ ನಿಜಕ್ಕೂ ಟಿಪ್ಪರೇ ಬಡಿದಿತ್ತೋ, ಅದಕ್ಕೂ ಮೊದಲು ಏನಾದರೂ ಆಗಿತ್ತೋ, ಯಾರಿಗೆ ಗೊತ್ತು? ಕೇಳೋಣವೆಂದರೆ ಮಾಳಪ್ಪನ ಕುರಿಹಿಂಡು ಸುರಪುರ ದಾಟಿ ಹೋಗಿಬಿಟ್ಟಿತ್ತು.

ಅಪ್ಪ ದನಿ ಎತ್ತುವವನಲ್ಲ. ಅಂದು ಊಟದ ತಾಟನ್ನು ಪಕ್ಕಕ್ಕೆ ಸರಿಸಿ, "ಮಗಾ ಮಗ್ಗಲದಾಗ ಆಡಾಕತ್ತಿದ್ದ. ನೀ ಎಲ್ಲಿದ್ದಿ?" ಅಂದ.

"ಅಲ್ಲೇ ಇದ್ದೆರಿ," ಅಂದಳು ಅವ್ವ.

"ಅಲ್ಲೇ ಇದ್ದಿ. ಅದಕ್ಕಽ ಕೇಳಾಕತ್ತೇನಿ."

ಅವ್ವ ಎದ್ದು ಹೋಗಿ ಬರೆದ ಹಾಳೆಗಳನ್ನೆಲ್ಲ ಕೂಡಿಸಿ ದಾರ ಸುತ್ತಿ ತಗಡಿನ ಪೆಟ್ಟಿಗೆಯಲ್ಲಿ ಹಾಕಿದಳು. ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸುವಾಗ ಯಾರೂ ಕೈ ಜೋಡಿಸಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಸೈಕಲ್ ಹತ್ತಿ ಊರ ಓಣಿಗಳಲ್ಲಿ ಹುಡುಕಲು ಹೊರಟ. ಕಾಲುವೆಯ ಕಡೆ ನಾನೂ ಅವ್ವನೂ ಹೋದೆವು. ಬೇಸಿಗೆಗೆ ಕಾಲುವೆ ಬಂದ್ ಇತ್ತು. ಆದರೆ ಕೆರೆ ತುಂಬಿಸಲು ಆ ಮಧ್ಯಾಹ್ನ ನೀರು ಬಿಡುವ ಹುಕುಂ ಬಂದಿತ್ತು. ಹೊರಡುವ ಮುಂಚೆ ಅಪ್ಪ ಅದನ್ನು ಹೇಳಿ, ಯಾವ ಕಾರಣಕ್ಕೂ ಕಾಲುವೆಯೊಳಗೆ ಇಳಿಯಬೇಡಿ ಅಂದಿದ್ದ. ಬಿಸಿಲು ಏರುತ್ತಿತ್ತು. ಏರಿಯ ಮಣ್ಣು ಚಪ್ಪಲಿಯ ಅಂಚಿನಿಂದ ಒಳನುಗ್ಗಿ ಸುಡುತ್ತಿತ್ತು. ಅವ್ವ ಮೋತ್ಯಾ, ಮೋತ್ಯಾ ಅಂತ ಕೂಗುತ್ತ ನಡೆದಳು. ದಾರಿಯಲ್ಲಿ ಸಿಕ್ಕವರು ಏನು ಅಕ್ಕೋರ ಅಂತ ಕೇಳಿದರೆ ನಾಯಿಮರಿ ಅನ್ನಲು ಅವಳಿಗೆ ಸಂಕೋಚ. ಮಗನಿಗೆ ಕಚ್ಚಿದ್ದನ್ನೂ ಹೇಳಬೇಕಾಗುತ್ತಿತ್ತು, ಆಗ ತಾನೇನು ಮಾಡುತ್ತಿದ್ದಳೆಂದೂ.

ಸೂರ್ಯ ನೆತ್ತಿಯಿಂದ ಇಳಿಯತೊಡಗಿದ್ದ. ಹೊಲದ ದಾರಿ ಕವಲು ಕಾಲುವೆಯನ್ನು ದಾಟುವಲ್ಲಿ ದಾರಿಯಡಿ ಹೂತಿದ್ದ ಸಿಮೆಂಟ್ ಪೈಪಿನೊಳಗಿಂದ ಕುಂಯ್ ಅನ್ನುವ ಸದ್ದು ಬಂತು. ಬಗ್ಗಿ ನೋಡಿದರೆ ನಡುವೆ ಎರಡು ಕಣ್ಣು. ನಾನು ಚೀರಿದ್ದಕ್ಕೆ ಅವು ಇನ್ನೂ ಹಿಂದಕ್ಕೆ ಸರಿದವು. ಅವ್ವ ಕಾಲುವೆಗೆ ಇಳಿದುಬಿಟ್ಟಳು. ರೊಟ್ಟಿ ತೋರಿಸಿದಳು, ಬೈದಳು, ಬೇಡಿಕೊಂಡಳು. ಮರಿ ಬರಲಿಲ್ಲ. ಕೈ ಚಾಚಿದರೆ ಸಿಗುತ್ತಿರಲಿಲ್ಲ, ದೊಡ್ಡವರು ನುಗ್ಗುವಷ್ಟು ಪೈಪು ಅಗಲವಿರಲಿಲ್ಲ. ನಾನು ಇಳಿಯುತ್ತೇನೆ ಅಂದಾಗ ಒಂದೇ ನೋಟದಲ್ಲಿ ನನ್ನನ್ನು ಏರಿಯ ಮೇಲೆ ನಿಲ್ಲಿಸಿ, "ನೀರು ಕಂಡರ ಕೂಗು," ಅಂದಳು.

ಆಮೇಲೆ ಅವಳು ಪೈಪಿನ ಬಾಯಿಗೆ ಸುಸ್ತಾಗಿ ಕೂತಳು. ಚಪ್ಪಲಿ ಬಿಟ್ಟು ಕಾಲು ಮುಂದಕ್ಕೆ ಚಾಚಿದಳು. ಬೇಕೆಂದೇ ಮಾಡಿದಳೋ, ದಣಿವಿಗೆ ಹಾಗಾಯಿತೋ, ನನಗೆ ಇಂದಿಗೂ ತಿಳಿಯದು. ಕಾದಂಬರಿಯ ಮಾತು ಆಡತೊಡಗಿದಳು. ತವರಿಗೆ ಹೊರಟ ಹುಡುಗಿಯೊಬ್ಬಳು ಬಸ್ಸಿಗೆ ಕಾಯುತ್ತ ಕೂತಿದ್ದಾಳೆ, ಪಕ್ಕದಲ್ಲೊಬ್ಬ ಮುದುಕಿ ಅವಳಿಗೆ ಸಮಾಧಾನ ಹೇಳುತ್ತಿದ್ದಾಳೆ. "ಬರ್ತಾದ ತಂಗಿ, ಬರಲಾರದ ಎಲ್ಲಿ ಹೋದೀತು. ಅವಸರ ಮಾಡಬ್ಯಾಡ, ಕುಂದ್ರು." ಬೆಳಕಿಂಡಿಯ ಕೆಳಗೆ ಪಿಸುಗುಡುತ್ತಿದ್ದ ಅದೇ ದನಿ. ದೂರದ ತಿರುವಿನಲ್ಲಿ ಒಣ ಎಲೆಗಳನ್ನು ತಳ್ಳಿಕೊಂಡು ಕೆಂಪು ನೊರೆಯ ನಾಲಿಗೆಯೊಂದು ಬರುವುದು ನನಗೆ ಕಂಡಿತು. ನೀರು ಅಂತ ಕೂಗಿದೆ. ಅವ್ವ ಏಳಲಿಲ್ಲ. ದನಿ ಎತ್ತರಿಸುವ ಬದಲು ಇನ್ನೂ ತಗ್ಗಿಸಿದಳು. ನಾನು ಮತ್ತೆ ಕೂಗಿದೆ, ಅಳುತ್ತ ಕೂಗಿದೆ. ನೀರು ಬಿಸಿ ಕಲ್ಲಿನ ಮೇಲೆ ಸುಯ್ ಅನ್ನುತ್ತ ಹತ್ತಿರವಾಗುತ್ತಿತ್ತು. ಪೈಪಿನ ಕತ್ತಲೆಯಿಂದ ಮೊದಲು ಮೂಗು, ಆಮೇಲೆ ಎದೆಯ ಬಿಳಿ ಚುಕ್ಕೆ ಹೊರಬಂತು. ಮರಿ ತೆವಳಿಕೊಂಡು ಬಂದು ಅವಳ ಪಾದದ ಮೇಲೆ ಮೂತಿ ಇಟ್ಟಿತು. ಅವ್ವ ಸೆರಗು ಹಾಕಿ ಅದನ್ನು ಬಾಚಿಕೊಂಡು ಇಳಿಜಾರಿನ ಕಲ್ಲು ಹತ್ತುವಷ್ಟರಲ್ಲಿ ನೀರು ಅವಳ ಮೊಣಕಾಲು ಮುಟ್ಟಿ, ಒಂದು ಚಪ್ಪಲಿಯನ್ನು ಕೊಚ್ಚಿಕೊಂಡು ಹೋಯಿತು. ಏರಿಯ ಮೇಲೆ ಕೂತು ಅವಳು ಬಹಳ ಹೊತ್ತು ನಡುಗಿದಳು. ಅವಳು ನಡುಗಿದ್ದನ್ನು ಮನೆಯಲ್ಲಿ ನಾನು ಹೇಳಲಿಲ್ಲ.

ಮುಂದಿನ ಹತ್ತು ದಿನ ನಮ್ಮ ಮನೆ ಒಂದು ನಾಯಿಮರಿಯ ಬಾಯಿ ನೋಡುತ್ತ ಬದುಕಿತು. ಪಡಸಾಲೆಯ ಕಂಬಕ್ಕೆ ಅದನ್ನು ಕಟ್ಟಿದ್ದರು. ಅವ್ವ ಅಟ್ಟದ ಕಡೆ ತಲೆ ಎತ್ತಲಿಲ್ಲ. ಅಪ್ಪ ಕಚೇರಿಯಿಂದ ಬಂದವನು ಮೊದಲು ಮರಿಯನ್ನು, ಆಮೇಲೆ ಬಸುನನ್ನು ನೋಡುತ್ತಿದ್ದ. ಎಲ್ಲರಿಗಿಂತ ಹೆಚ್ಚು ಕಾವಲು ಕೂತವಳು ಆಯಿ. ನಾಯಿಗೆ ಹುಚ್ಚು ಹಿಡಿದರೆ ನೀರು ಮುಟ್ಟುವುದಿಲ್ಲ ಅಂತ ಅವಳು ಕೇಳಿದ್ದಳು. ದಿನಾ ನಸುಕಿಗೆ ಪರಾತದಲ್ಲಿ ನೀರು ತಂದಿಟ್ಟು, ಮೊಣಕಾಲು ಹಿಡಿದುಕೊಂಡು ಎದುರಿಗೆ ಕೂತು, ಅದು ಲೊಚಲೊಚ ನೆಕ್ಕುವವರೆಗೆ ತಾನೂ ಬಾಯಿಗೆ ನೀರು ಹಾಕುತ್ತಿರಲಿಲ್ಲ.

ಇನ್ನೇನು ಮುಗಿಯಿತು ಅನ್ನುವಾಗ ಒಂದು ಬೆಳಿಗ್ಗೆ ಮೋತ್ಯಾ ನೀರು ಕುಡಿಯಲಿಲ್ಲ. ಮೂಸಿ ನೋಡಿ ಮುಖ ತಿರುಗಿಸಿ, ನಾಲಿಗೆ ಹೊರಹಾಕಿ ಮಲಗಿತು. ಪರಾತ ಬದಲಿಸಿದರು, ಇಲ್ಲ. ಅಪ್ಪ ಅಂಗಿ ತೊಟ್ಟ, ಕಲಬುರಗಿಯ ಬಸ್ಸು ಎಷ್ಟಕ್ಕೆ ಅಂತ ತನ್ನನ್ನು ತಾನೇ ಕೇಳಿಕೊಂಡ. ಅವ್ವ ಬಸುನ ಬಟ್ಟೆ ಚೀಲಕ್ಕೆ ತುಂಬತೊಡಗಿದಳು. ಅವಳ ಕೈ ಒಂದೇ ಅಂಗಿಯನ್ನು ಮತ್ತೆ ಮತ್ತೆ ಮಡಚುತ್ತಿತ್ತು. ಬಸು ಮಾತ್ರ ಊರಿಗೆ ಹೋಗುತ್ತೇವೆಂದು ಕುಣಿಯುತ್ತಿದ್ದ. ಆಯಿ ಒಳಗೆ ಹೋಗಿ ತನ್ನ ಊಟಕ್ಕೆ ತೆಗೆದಿಟ್ಟಿದ್ದ ಮಜ್ಜಿಗೆಯ ಚೆಂಬನ್ನೇ ತಂದು ಪರಾತಕ್ಕೆ ಸುರಿದು, ಮರಿಯ ಪಕ್ಕದಲ್ಲಿ ನೆಲಕ್ಕೆ ಕೂತು ಅದರ ನೆತ್ತಿ ಸವರಿದಳು. ಆಯಿ ಅದನ್ನು ಮುಟ್ಟಿದ್ದು ಅದೇ ಮೊದಲು. ಹೊರಗೆ ಯಾರೋ ನೀರು ಸೇದುವ ರಾಟೆಯ ಸದ್ದು ಬರುತ್ತಿತ್ತು.

"ಕುಡೀತಾದ," ಅಂದಳು ಆಯಿ. "ಯವ್ವಾ, ಕುಡೀತಾದ. ಬಾ, ನೋಡ್ಬಾ."

ಅಷ್ಟು ವರ್ಷಗಳಲ್ಲಿ ಕೆಲಸವಿಲ್ಲದೆ ಆಯಿ ಅವ್ವನನ್ನು ಕರೆದದ್ದನ್ನು ನಾನು ಕೇಳಿದ್ದು ಆಗಲೇ. ಅವ್ವ ಚೀಲ ಬಿಟ್ಟು ಬಂದು ಅತ್ತೆಯ ಭುಜಕ್ಕೆ ಹಣೆ ಹಚ್ಚಿ ಅತ್ತುಬಿಟ್ಟಳು. ಬಿಸಿಲಿಗೆ ಮರಿಯ ಹೊಟ್ಟೆ ಕೆಟ್ಟಿತ್ತು, ಅಷ್ಟೆ. ಡಾಕ್ಟರು ಹೇಳಿದ ಗಡುವು ದಾಟಿತು, ಮೋತ್ಯಾನೂ ಉಳಿಯಿತು, ಬಸುನೂ ಉಳಿದ.

ಕಂಬದಿಂದ ಮರಿಯನ್ನು ಬಿಚ್ಚಿದ ದಿನ ಆಯಿ ಒಲೆಯ ಮುಂದೆ ತಾನೇ ಕೂತಳು. "ಶಾಲಿ ಶುರು ಆಗಾಕ ಇನ್ನ ಒಂದ್ವಾರ ಅದ," ಅಂದಳು, ಅವ್ವನ ಕಡೆ ನೋಡದೆ. "ಪೆಟ್ಟಿಗಿ ಇಳಿಸು. ರೊಟ್ಟಿ ನಾ ಬಡೀತೀನಿ." ಪೆಟ್ಟಿಗೆ ಇಳಿಸಿದವನು ಅಪ್ಪ. ಮೇಲಿನ ಧೂಳನ್ನು ತನ್ನ ಪಂಚೆಯಿಂದ ಒರೆಸಿ ಬೆಳಕಿಂಡಿಯ ಕೆಳಗಿಟ್ಟು ಕಚೇರಿಗೆ ಹೋದ. ಆ ವಾರವೂ ಆಯಿ ಆಗಾಗ ಒಳಗಿನಿಂದ ಕರೆಯುತ್ತಲೇ ಇದ್ದಳು, ಉಪ್ಪು ಎಲ್ಲಿ, ಹಿಟ್ಟು ಎಲ್ಲಿ ಅಂತ. ಅವ್ವ ಕೂತಲ್ಲಿಂದಲೇ ಹೇಳುತ್ತಿದ್ದಳು. ಕಾದಂಬರಿ ಮುಗಿಯಿತು. ಮಳೆಗಾಲದಲ್ಲಿ ಅದು ಪತ್ರಿಕೆಯಲ್ಲಿ ಬಂತು, ಸಾಕಷ್ಟು ಕತ್ತರಿ ಹಾಕಿಸಿಕೊಂಡು. ನಾನು ಓದಿ ಹೇಳಿದೆ, ಆಯಿ ಕಡ್ಡಿಪುಡಿ ಅಗಿಯುತ್ತ ಕೇಳಿದಳು. ಬಸ್ ನಿಲ್ದಾಣದ ಮುದುಕಿ ಬಂದಾಗ, ಈಕೆ ಯಾರು, ನಾನೇ ಇದ್ದಂಗ ಅದಾಳಲ್ಲ ಅಂದಳು. ಅವ್ವ ನಕ್ಕಳು.

ಈಗ ಆ ಮನೆ ಇಲ್ಲ. ಕೆಡವಿದ ಜಾಗದಲ್ಲಿ ಭತ್ತದ ಗೋದಾಮು ಎದ್ದಿದೆ. ಸುತ್ತಲಿನ ಜೋಳದ ಹೊಲಗಳು ಕಾಲುವೆಯ ನೀರು ಕುಡಿದು ಗದ್ದೆಗಳಾಗಿವೆ. ಕುರಿಹಿಂಡು ತರುಬಲು ಬಯಲಿಲ್ಲ. ಅಪ್ಪನಿಲ್ಲ, ಅವ್ವನೂ ಹೋಗಿ ವರ್ಷಗಳಾದವು. ಎಲ್ಲರಿಗಿಂತ ಮೊದಲು ಹೋದವಳು ಆಯಿ, ಕಾದಂಬರಿ ಬಂದ ಎರಡನೆಯ ಚಳಿಗಾಲದಲ್ಲಿ. ಅದರ ಮರುಬೇಸಿಗೆ ಅವ್ವನಿಗೆ ಮಧ್ಯಾಹ್ನಗಳು ಪೂರ್ತಿಯಾಗಿ ಸಿಕ್ಕವು. ಬಸುನೂ ತನ್ನಷ್ಟಕ್ಕೆ ಆಡಿಕೊಳ್ಳುವಷ್ಟು ದೊಡ್ಡವನಾಗಿದ್ದ, ಮೋತ್ಯಾ ತನ್ನ ಪಾಡಿಗೆ ಊರು ತಿರುಗುತ್ತಿತ್ತು. ಅವ್ವ ಮಣೆ ಹಾಕಿಕೊಂಡು ಕೂರುತ್ತಿದ್ದಳು, ಎರಡು ಸಾಲು ಬರೆಯುತ್ತಿದ್ದಳು, ಆಮೇಲೆ ಪೆನ್ನು ಹಿಡಿದು ಸುಮ್ಮನೆ ಅಡುಗೆಮನೆಯ ಬಾಗಿಲು ನೋಡುತ್ತಿದ್ದಳು. ಯಾಕವ್ವ, ಬರಿ ಅಂತ ನಾನು ಒಮ್ಮೆ ಅಂದೆ.

"ಬರೀಬೇಕಂತ ಕುಂತೀನಿ," ಅಂದಳು. "ಯಾರೂ ಕರೆಯವಲ್ರು."