ತಿಂಗಳ ಸುಧಾರಕ

ಕಾರ್ಖಾನೆಯಲ್ಲಿ ಅವನಿಗೆ ಗೊಣಗಣ್ಣ ಎಂದೇ ಹೆಸರು. ಡ್ರಿಲ್ಲಿಂಗ್ ಮಿಷಿನ್ನಿನ ಮುಂದೆ ನಿಂತೇ ತಲೆ ನರೆಸಿಕೊಂಡವನು. ಕ್ಯಾಂಟೀನಿನ ಚಹಾ ತಣ್ಣಗಿದ್ದರೆ ಗೊಣಗುತ್ತಿದ್ದ, ಬಿಸಿಯಿದ್ದರೆ ನಾಲಿಗೆ ಸುಟ್ಟಿತೆಂದು ಗೊಣಗುತ್ತಿದ್ದ. ಆ ಬಾಯಿಂದ ಯಾರಿಗೂ ಕೇಡಾಗಿರಲಿಲ್ಲ, ಮ್ಯಾನೇಜರ್ ಸಾಹೇಬ ಜಪಾನಿಗೆ ಹೋಗಿ ಬರುವ ತನಕ.

ವಿಮಾನ ಇಳಿದವನೇ ಸಾಹೇಬ ಕಂಡಕಂಡವರಿಗೆಲ್ಲ ಸೊಂಟ ಬಗ್ಗಿಸತೊಡಗಿದ. ಅಲ್ಲಿ ಕೆಲಸಗಾರನ ಸಲಹೆಗೆ ಬೆಲೆಯಿದೆಯಂತೆ, ಸಲಹೆ ಕೊಟ್ಟವರ ಹೊಟ್ಟೆಯ ಮೇಲೆ ಯಾರೂ ಹೊಡೆಯುವುದಿಲ್ಲವಂತೆ. ಮೊದಲನೆಯದನ್ನು ಹೊತ್ತು ತಂದ ಮಹಾಶಯ ಎರಡನೆಯದನ್ನು ಅಲ್ಲೇ ಮರೆತು ಬಂದಿದ್ದ. ಗೋಡೆಯ ಮೇಲೆ ‘ಕೈಜೆನ್’ ಎಂದು ದೊಡ್ಡದಾಗಿ ಬರೆಸಿದ. ಅಂದರೆ, ದಂಡದ ಕೆಲಸ ಎಲ್ಲಿದೆ ಎಂದು ಹುಡುಕಿ, ದಿನವೂ ಸ್ವಲ್ಪಸ್ವಲ್ಪ ತೆಗೆಯುತ್ತಾ ಹೋಗುವುದು. ತಿಂಗಳಿಗೊಂದು ಸಭೆ, ಸಭೆಯಲ್ಲಿ ಬಾಯಿ ಬಿಡಲೇಬೇಕು.

“ಯಾವಾಗ್ಲೂ ಬಯ್ತಿರ್ತೀಯಲ್ಲ, ಈಗ ಹೇಳಪ್ಪ,” ಎಂದ ಸಾಹೇಬ.

“ಏನ್ ಹೇಳೋದು ಸಾರ್? ಆ ಮೂಲೇಲಿ ತಗಡು ಒತ್ತೋ ಪ್ರೆಸ್ಸು, ಈ ಮೂಲೇಲಿ ನಾನು. ನಡುವೆ ನನ್ನ ಭಾಮೈದ ದಿನವಿಡೀ ಗಾಡಿ ತಳ್ತಾನೆ. ಯಾವ ಪುಣ್ಯಾತ್ಮ ಇಟ್ಟನೋ ಈ ಮಿಷಿನ್ನುಗಳನ್ನ!”

ಅವನು ಎಂದಿನಂತೆ ಗೊಣಗಿದ್ದಷ್ಟೆ. ಸಾಹೇಬ ಚಪ್ಪಾಳೆ ತಟ್ಟಿದ. ಆ ವಾರವೇ ಪ್ರೆಸ್ಸು ಬಂದು ಡ್ರಿಲ್ಲಿನ ಪಕ್ಕ ಕೂತಿತು. ಗಾಡಿ ಗುಜರಿಗೆ ಹೋಯಿತು, ಭಾಮೈದ ಮನೆಗೆ ಹೋದ. ಗೊಣಗಣ್ಣನ ಫೋಟೋ ‘ತಿಂಗಳ ಸುಧಾರಕ’ನೆಂದು ಬಾಗಿಲ ಬಳಿ ನೇತಾಡಿತು.

“ನನ್ನ ತಮ್ಮನ ಅನ್ನ ಕಿತ್ಕೊಂಡು ಫೋಟೋ ಹಾಕಿಸ್ಕೊಂಡ್ರಲ್ಲ, ಅದನ್ನೇ ನೋಡ್ಕೊಂಡು ಹೊಟ್ಟೆ ತುಂಬಿಸ್ಕೊಳ್ಳಿ,” ಎಂದಳು ಹೆಂಡತಿ. ಅಂದಿನಿಂದ ಅವನು ತಾನೇ ಬಡಿಸಿಕೊಂಡು ಉಂಡ.

ಅದಕ್ಕಿಂತ ಕೆಟ್ಟದ್ದು ಕಾರ್ಖಾನೆಯಲ್ಲಿ ಕಾದಿತ್ತು. ಪ್ರೆಸ್ಸಿನವನು ಅವನ ಹಳೆಯ ಗೆಳೆಯ, ಒಂದೇ ಡಬ್ಬಿಯಲ್ಲಿ ಉಂಡವರು. ಈಗ ಮೊಣಕೈಗೆ ಮೊಣಕೈ ತಾಗುವಂತೆ ನಿಂತಾಗ ಇಬ್ಬರಿಗೂ ಒಂದು ಸಂಗತಿ ಕಣ್ಣಿಗೆ ಹೊಡೆಯಿತು: ಈ ಎರಡು ಮಿಷಿನ್ನುಗಳನ್ನು ಒಬ್ಬನೇ ನೋಡಿಕೊಳ್ಳಬಹುದು. ಬಾಯಿ ಬಿಟ್ಟು ಯಾರೂ ಹೇಳಲಿಲ್ಲ. ಆದರೆ ಮೊದಲು ಹೇಳಿದವನು ಉಳಿಯುತ್ತಾನೆ ಎಂದು ಇಬ್ಬರೂ ಲೆಕ್ಕ ಹಾಕಿದರು.

“ನಾನಂತೂ ಹೇಳಲ್ಲ ಕಣೋ,” ಎಂದ ಪ್ರೆಸ್ಸಿನವನು, ಯಾರೂ ಕೇಳದೆಯೇ.

“ಏನನ್ನ?” ಎಂದ ಗೊಣಗಣ್ಣ.

ಅಲ್ಲಿಗೆ ಗೆಳೆತನ ಮುಗಿಯಿತು. ಡಬ್ಬಿಗಳು ಬೇರೆಯಾದವು. ಸಾಹೇಬ ಶೆಡ್ಡಿನೊಳಗೆ ಬಂದರೆ ಇಬ್ಬರೂ ಮೂತ್ರಕ್ಕೂ ಕದಲುತ್ತಿರಲಿಲ್ಲ. ಜನ್ಮವಿಡೀ ಗೊಣಗಿದವನು ಬಾಯಿಗೆ ಬೀಗ ಹಾಕಿಕೊಂಡು ಗೆಳೆಯನ ತುಟಿಯನ್ನೇ ಕಾಯುತ್ತಿದ್ದ. ಸಾಹೇಬನ ಮೇಲೆ ಹುಟ್ಟಬೇಕಾಗಿದ್ದ ದ್ವೇಷವೆಲ್ಲ ಪಕ್ಕದವನ ಮೇಲೆ ಹುಟ್ಟಿತು. ಆ ನಗುಮುಖದ ಪಾಪಿ ಸಾಹೇಬನಿಗೆ ಬೇಕಾದದ್ದೂ ಅದೇ.

ಮುಂದಿನ ಸಭೆ ಬಂತು. “ಏನು, ನಮ್ಮ ಸುಧಾರಕರ ಮೂಲೆಯಿಂದ ಈ ಸಲ ಏನೂ ಇಲ್ವಾ?” ಎಂದ ಸಾಹೇಬ.

ಪ್ರೆಸ್ಸಿನವನ ಕೈ ಮೇಲೆದ್ದಿತು. ಗೊಣಗಣ್ಣ ಎದ್ದೇ ನಿಂತು ಕೂಗಿದ: “ಎರಡು ಮಿಷಿನ್ನಿಗೆ ಒಬ್ಬನೇ ಸಾಕು ಸಾರ್!”

ಮತ್ತೆ ಚಪ್ಪಾಳೆ. ಸಾಹೇಬ ಗಲ್ಲ ಕೆರೆದುಕೊಂಡು ಯೋಚಿಸಿದ. “ಭೇಷ್! ಪ್ರೆಸ್ಸಿಗೆ ತರಬೇತಿ ಆದವನೇ ಬೇಕು. ಡ್ರಿಲ್ಲನ್ನ ಯಾರು ಬೇಕಾದ್ರೂ ಕಲೀತಾರೆ. ಹಾಗಾದ್ರೆ ಪ್ರೆಸ್ಸಿನವನೇ ಇರ್ಲಿ,” ಎಂದು ಗೊಣಗಣ್ಣನಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದ.

ಗೇಟಿನ ತನಕ ಪ್ರೆಸ್ಸಿನವನು ಹಿಂದೆಯೇ ಬಂದ.

“ನಾನು ಬೆವರು ಒರೆಸ್ಕೊಳ್ತಿದ್ದೆ ಕಣೋ,” ಎಂದ.

ಗೊಣಗಣ್ಣ ತನ್ನ ಡಬ್ಬಿ ಹಿಡಿದು ಗೇಟು ದಾಟಿದ. ಅವನ ಫೋಟೋವನ್ನು ಸಾಹೇಬ ಇನ್ನೊಂದು ತಿಂಗಳಿಗೆ ಹಾಗೇ ಬಿಟ್ಟ. ಅದರ ಎದುರು ಪ್ರೆಸ್ಸಿನವನು ಎರಡೂ ಮಿಷಿನ್ನುಗಳ ನಡುವೆ ಒಬ್ಬನೇ ಓಡಾಡುತ್ತಾನೆ, ಬೆವರು ಒರೆಸಿಕೊಳ್ಳಲು ಕೈ ಎತ್ತುವುದಿಲ್ಲ.