ಅತ್ತೆ ಕಂಡ ಮುರುಡೇಶ್ವರ

ಅತ್ತೆಯ ಎಡಗಾಲಿನ ಚಪ್ಪಲಿ ಬೆರಳಿನ ಕಡೆ ಸವೆದು ತೂತು ಬಿದ್ದರೂ ಹಿಮ್ಮಡಿಯ ಕಡೆ ಹೊಸದಾಗಿಯೇ ಇರುತ್ತಿತ್ತು. ಆ ಕಾಲು ಹುಟ್ಟಿನಿಂದಲೇ ಸ್ವಲ್ಪ ಗಿಡ್ಡ. ಅಪ್ಪನ ತಂಗಿ ಅವಳು; ಮುಟ್ಟಳ್ಳಿಯ ನಮ್ಮ ಜಗಲಿಯಲ್ಲಿ ಕೂತು ದಿನವಿಡೀ ಮಲ್ಲಿಗೆ ಕಟ್ಟುತ್ತಿದ್ದಳು. ಎಲ್ಲಿಗಾದರೂ ಹೊರಟರೆ, ‘ನೀವ್ ಮುಂದೆ ನಡೀರಿ, ನಾ ಬಂದೆ’ ಎನ್ನುತ್ತಿದ್ದಳು. ತನ್ನ ನಡಿಗೆಯನ್ನು ಹಿಂದಿನಿಂದ ಯಾರೂ ನೋಡಬಾರದೆಂದು ಹಾಗೆ ಹೇಳುತ್ತಿದ್ದಳೆಂದು ನನಗೆ ತಿಳಿಯುವಷ್ಟರಲ್ಲಿ ನಾನೂ ದೊಡ್ಡವಳಾಗಿದ್ದೆ.

ಮುರುಡೇಶ್ವರದಲ್ಲಿ ಶಿವನ ದೊಡ್ಡ ಮೂರ್ತಿಯನ್ನು ಇನ್ನೂ ಕಟ್ಟುತ್ತಿದ್ದ ಕಾಲ. ಒಂದು ಭಾನುವಾರ ಅಪ್ಪ, ‘ಸಮುದ್ರಕ್ಕೆ ಹೋಗ್ವಾ’ ಎಂದಾಗ ನಾವು ಮಕ್ಕಳು ಕುಣಿದದ್ದೇ ಕುಣಿದದ್ದು. ನಮ್ಮನ್ನೆಲ್ಲ ಸುಮ್ಮನೆ ತಿರುಗಾಡಿಸುವ ಆಸಾಮಿಯಲ್ಲ ಅಪ್ಪ. ಅಮ್ಮ ಅವಲಕ್ಕಿ ಕಲಸಿದಳು, ಅತ್ತೆಗೆ ಹೊಸ ಸೀರೆ ಉಡಿಸಿದಳು. ಟೆಂಪೋದಲ್ಲಿ ಅಪ್ಪ ಅಮ್ಮನಿಗೆ ಪಿಸುಗುಟ್ಟಿದಾಗಲೇ ವಿಷಯ ತಿಳಿದದ್ದು. ಹಿರೇಗುತ್ತಿಯಿಂದ ಗಂಡಿನ ಕಡೆಯವರು ಹೆಣ್ಣು ನೋಡಲು ಅಲ್ಲಿಗೇ ಬರುವವರಿದ್ದರು.

‘ಮರಳಲ್ಲಿ ಯಾರ್ ನಡೆದ್ರೂ ವಾಲೂದೇ. ಕಾಲಿನ ವಿಷಯ ಗೊತ್ತೇ ಆಗೂದಿಲ್ಲ.’

ಪಕ್ಕದಲ್ಲೇ ಕೂತಿದ್ದ ಅತ್ತೆಗೂ ಅದು ಕೇಳಿಸಿತು. ಮನೆಗೆ ಬಂದು ನೋಡಿದವರೆಲ್ಲ, ಅವಳು ಚಹ ಹಿಡಿದು ನಾಲ್ಕು ಹೆಜ್ಜೆ ಇಟ್ಟಕೂಡಲೇ ಮುಖ ಸಣ್ಣ ಮಾಡಿಕೊಂಡು ಹೋಗಿದ್ದರು.

ಅಪ್ಪನ ಉಪಾಯ ಫಲಿಸಿತು. ಗಂಡಿನ ತಾಯಿ ಅತ್ತೆಯ ಜೊತೆ ನೀರಂಚಿನವರೆಗೂ ನಡೆದು ಬಂದಳು. ಆಕೆಯೂ ವಾಲುತ್ತಿದ್ದಳು. ಬಂದು ಕೂತು ಅತ್ತೆಯ ಗಲ್ಲ ಮುಟ್ಟಿ, ‘ಹುಡುಗಿ ಅಡ್ಡಿಲ್ಲ’ ಎಂದಳು. ಗಂಡು ನಾಚಿಕೊಂಡು ನಕ್ಕ. ಅತ್ತೆಯೂ ನಕ್ಕಳು, ಅವಳಿಗೂ ಮನಸ್ಸಿತ್ತು.

ಆದರೂ ಅವಳು ಚಪ್ಪಲಿ ಮೆಟ್ಟಿ ಎದ್ದಳು. ‘ಅಣ್ಣಾ, ಅವ್ರು ನನ್ನ ರಸ್ತೆಮೇಲೂ ನೋಡ್ಲಿ.’

‘ಎಂತ ಮಾಡ್ತೆ ನೀನು? ಕೂತ್ಕ!’ ಎಂದು ಅಪ್ಪ ಗದರುವಷ್ಟರಲ್ಲಿ ಸಿಮೆಂಟು ರಸ್ತೆಗೆ ಹತ್ತಿ, ಎಲ್ಲರ ಎದುರು ಆ ಕಡೆಯಿಂದ ಈ ಕಡೆಗೆ ನಡೆದಳು. ಅಷ್ಟು ನಿಧಾನವಾಗಿ ಅವಳು ನಡೆದದ್ದನ್ನು ನಾನು ಕಂಡಿರಲಿಲ್ಲ. ಗಂಡಿನ ತಾಯಿ ಬ್ಯಾಗು ಎತ್ತಿಕೊಂಡು, ‘ಆತು, ಆಮೇಲೆ ಹೇಳಿ ಕಳಿಸ್ತೇವೆ’ ಎಂದಳು. ಕಳಿಸಲಿಲ್ಲ.

ಅಪ್ಪ ನಮಗೆ ಬೆನ್ನು ಹಾಕಿ ಕೂತ. ಅತ್ತೆ ಕಣ್ಣೊರೆಸಿಕೊಂಡು, ಹೊಸ ಸೀರೆಯನ್ನು ಎತ್ತಿ ಸಿಕ್ಕಿಸಿ, ನಮ್ಮನ್ನು ನೀರಿಗೆ ಎಳೆದುಕೊಂಡು ಹೋದಳು. ತೆರೆ ಬಂದಾಗ ನಾವೆಲ್ಲ ಮರಳಲ್ಲಿ ಎಡವುತ್ತ, ವಾಲುತ್ತ ಓಡಿದೆವು. ‘ಕಂಡ್ಯಾ, ಇಲ್ಲಿ ನಾನೂ ನಿಮ್ಮಂಗೇ!’ ಎಂದು ಕೂಗಿದಳು. ಅವಳು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ದಿನ.

ಆಮೇಲೆ ಪ್ರತಿ ಬೇಸಿಗೆ, ಮಲ್ಲಿಗೆ ಕಟ್ಟುತ್ತ, ತಲೆಯೆತ್ತದೆ ಕೇಳುತ್ತಿದ್ದಳು: ‘ಅಣ್ಣಾ, ಮುರ್ಡೇಶ್ವರಕ್ಕೆ ಹೋಗ್ವನಾ?’ ಟೆಂಪೋ ಹತ್ತಿದರೆ ಸ್ವಲ್ಪ ಹೊತ್ತಿನ ದಾರಿ. ಅಪ್ಪ ‘ನೋಡ್ವಾ’ ಎನ್ನುತ್ತಿದ್ದ, ಕರೆದುಕೊಂಡು ಹೋಗಲಿಲ್ಲ. ಅವನಿಗೆ ಅಲ್ಲಿ ಮುರಿದ ಸಂಬಂಧ ಮಾತ್ರ ನೆನಪಿತ್ತು. ಅವಳಿಗೆ ಅಲ್ಲಿ ಏನು ಸಿಕ್ಕಿತ್ತೆಂದು ಮನೆಯಲ್ಲಿ ಯಾರೂ ಯೋಚಿಸಲಿಲ್ಲ. ಮುಂದೆ ನನ್ನನ್ನು ನೋಡಲು ಬಂದವರ ಎದುರು ನಾನು ತಲೆಯೆತ್ತಿ ಕೂತೆನಲ್ಲ, ಆ ಧೈರ್ಯ ಅವಳದು.

ಮೂರ್ತಿ ಮುಗಿದು ಊರ ತುಂಬ ಪ್ರವಾಸಿಗಳು ಬರತೊಡಗಿದ ಮೇಲೆ, ಒಂದು ಮಳೆಗಾಲ ಕಾಮಾಲೆಯಾಗಿ ಅತ್ತೆ ತೀರಿಕೊಂಡಳು. ಅಸ್ಥಿ ಬಿಡಲು ಅಪ್ಪ ಅದೇ ಜಾಗಕ್ಕೆ ಬಂದ. ಕುಡಿಕೆ ಹಿಡಿದು ಮರಳಲ್ಲಿ ವಾಲುತ್ತ ಅವನು, ಹಿಂದೆ ವಾಲುತ್ತ ನಾವು. ಮೊಣಕಾಲುದ್ದ ನೀರಿಗೆ ಇಳಿದ. ತೆರೆ ಬಂದಾಗ ಕುಡಿಕೆಯನ್ನು ಮೆಲ್ಲಗೆ ಬಿಟ್ಟು,

‘ಬಂದ್ವು ಕಾಣೇ, ತಂಗಿ. ನೀ ಮುಂದೆ ನಡಿ, ನಾ ಬಂದೆ’ ಎಂದ.