ಹಸಿರು ಬಾಗಿಲಿನಾಚೆಯ ಮೆಟ್ಟಿಲು

ಆಶ್‌ಕೂಮ್ ಬಂಗಲೆಯ ಮೇಲೆ ನೆಸ್ತಾ ಟಿಡ್‌ಮಾರ್ಶ್‌ಗೆ ಇದ್ದ ಸಿಟ್ಟು ಇವತ್ತು ನಿನ್ನೆಯದಲ್ಲ. ಹದಿನಾಲ್ಕನೇ ವಯಸ್ಸಿಗೇ ಅಲ್ಲಿ ಮನೆಗೆಲಸಕ್ಕೆ ಸೇರಿದವಳು ಅವಳು. ಅದನ್ನು ಕಟ್ಟಿಸಿದ ಮಹಾನುಭಾವನಿಗೆ ಕೆಲಸ ಬೇಕಿತ್ತು, ಕೆಲಸದವರ ಮುಖ ಬೇಕಿರಲಿಲ್ಲ. ಅದಕ್ಕೇ ಒಬ್ಬರು ಹತ್ತುವಷ್ಟೇ ಅಗಲದ ಸುರುಳಿ ಮೆಟ್ಟಿಲನ್ನು ಗೋಡೆಯೊಳಗೆ ಹುದುಗಿಸಿದ್ದ. ಆಳುಗಳ ಕೋಣೆಯ ಕಿಟಕಿಗಳನ್ನು ತಲೆಗಿಂತ ಮೇಲೆ ಇಡಿಸಿದ್ದ. ತೋಟದಲ್ಲಿ ಅಡ್ಡಾಡುವ ದೊರೆಸಾನಿಯರ ಮೇಲೆ ಇವರ ಕಣ್ಣು ಬೀಳಬಾರದಲ್ಲ! ಆಳುಗಳ ಕಡೆಗೂ ಮನೆಯವರ ಕಡೆಗೂ ನಡುವೆ ಹಸಿರು ಉಣ್ಣೆಬಟ್ಟೆ ಹೊದಿಸಿದ ಒಂದು ಬಾಗಿಲು, ಪಾತ್ರೆಗಳ ಸದ್ದು ಆಚೆ ಕೇಳಿಸದಿರಲೆಂದು. ಆಚೆ ಗುಡಿಸಲು ಹೋದಾಗ ಮನೆಯವರು ಎದುರಾದರೆ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಓಕ್ ಮರದ ದೊಡ್ಡ ಮೆಟ್ಟಿಲಿನ ನಡುವೆ ಹಾಸಿದ ಕೆಂಪು ರತ್ನಗಂಬಳಿಯನ್ನು ಗುಡಿಸಬಹುದು, ತುಳಿಯುವಂತಿಲ್ಲ. ಅಂಚಿನ ಬರಿಮರದ ಮೇಲೆ ಕಾಲಿಟ್ಟೇ ಇಳಿಯಬೇಕು.

ಬಸ್ ಓಡಿಸುವ ವಿಲ್ಫ್‌ನನ್ನು ಮದುವೆಯಾಗಿ ಅವಳು ಅಲ್ಲಿಂದ ಹೊರಬಿದ್ದಳು. ಅವನು ನಿವೃತ್ತನಾಗುವ ಹೊತ್ತಿಗೆ ಬಂಗಲೆಯ ವಾರಸುದಾರರು ಅದನ್ನು ಮಾರಿದ್ದರು. ಕೊಂಡವನು ಅದನ್ನು ಫ್ಲ್ಯಾಟುಗಳಾಗಿ ಕೊಯ್ದ. ನೃತ್ಯದ ಹಜಾರದ ಚಾವಣಿಯಲ್ಲಿ ಗಾರೆಯ ದೇವತೆಯೊಬ್ಬಳಿದ್ದಳು. ಹೊಸ ಗೋಡೆ ಸರಿಯಾಗಿ ಅವಳ ಕುತ್ತಿಗೆಗೇ ಬಂತು. ಈಗ ತಲೆ ಒಬ್ಬರ ಅಡುಗೆಮನೆಯಲ್ಲಿ, ಮೈ ಇನ್ನೊಬ್ಬರ ಮಲಗುವ ಕೋಣೆಯಲ್ಲಿ.

ಆಳುಗಳ ಭಾಗದ ಮೇಲಂತಸ್ತಿನಲ್ಲಿ ಒಂದು ಫ್ಲ್ಯಾಟು ಖಾಲಿ ಇದೆಯೆಂದು ತಿಳಿದು ನೆಸ್ತಾ ಹಟ ಹಿಡಿದಳು. "ಆ ದೊಡ್ಡ ಮೆಟ್ಲ ನಟ್ಟನಡುವೆ ಇಳೀಬೇಕು ವಿಲ್ಫ್, ನಂಗೆ ಅಷ್ಟೇ ಆಸೆ," ಎಂದಳು. ನೋಡಲು ಬಂದ ದಿನ ಹಸಿರು ಬಾಗಿಲು ತೆರೆದೇ ಇತ್ತು. ಸಾಮಾನು ತಂದಿಳಿಸುವಷ್ಟರಲ್ಲಿ ಅದಕ್ಕೆ ಅಡ್ಡಲಾಗಿ ಹಲಗೆ ಹೊಡೆದು ಬಣ್ಣ ಬಳಿದಿದ್ದರು. ದೊಡ್ಡ ಮೆಟ್ಟಿಲು ಮುಂಭಾಗದವರಿಗೆ ಮಾತ್ರವಂತೆ. ಇವರಿಗೆ ಅದೇ ಹಳೇ ಸುರುಳಿ, ಹಿತ್ತಲಲ್ಲಿ ಕಲ್ಲಿದ್ದಲು ಸುರಿಯುವ ಅಂಗಳದ ಅದೇ ಬಾಗಿಲು. ಹಾಡಹಗಲೇ ಕಣ್ಣಿಗೆ ಮಣ್ಣೆರಚಿದ್ದರು ಖದೀಮರು.

ಆ ಬಾಗಿಲು ಯಾಕೆ ಮುಚ್ಚಿದಿರಿ ಎಂದು ನಿವಾಸಿಗಳ ಸಭೆಯಲ್ಲಿ ಅವಳು ಕೇಳಿಯೇಬಿಟ್ಟಳು. ಸಮಿತಿಯ ಮುಖ್ಯಸ್ಥ ಕರ್ನಲ್ ಲೆವರ್ಟನ್‌ನ ಮನೆ ಆ ಬಾಗಿಲಿನ ಆಚೆ ಬದಿಗೇ ಇತ್ತು. ಆತ ಮಗುವಿಗೆ ಹೇಳುವಂತೆ ನಯವಾಗಿ ಹೇಳಿದ: "ಕಟ್ಟಡದ ಮೂಲ ವಿನ್ಯಾಸವೇ ಹಾಗಿದೆ, ಮಿಸೆಸ್ ಟಿಡ್‌ಮಾರ್ಶ್. ನಾವೇನೂ ಹೊಸದಾಗಿ ಮಾಡಿದ್ದಲ್ಲ."

"ಹೊಸದಾಗಿ ಮಾಡಿದ್ದಲ್ಲ ಅನ್ನೋದೇ ನನ್ನ ಸಂಕಟ," ಎಂದು ಅವಳು ಎದ್ದು ಬಂದಳು. ಆಮೇಲೆ ಪೇಟೆಯಿಂದ ಆಲೂಗಡ್ಡೆ ಚೀಲ ಹೊತ್ತು ಸುರುಳಿ ಹತ್ತಿದಾಗಲೆಲ್ಲ ಅವನ ವಂಶವನ್ನೇ ಬೈದಳು. ಬಿಟ್ಟಾಕು ಎಂದ ವಿಲ್ಫ್‌ಗೂ ಸಾಕಷ್ಟು ಸಿಕ್ಕಿತು.

ಒಂದು ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತ ಕೂತಿದ್ದ ವಿಲ್ಫ್ ಕುರ್ಚಿಯಿಂದ ಜಾರಿ ಬಿದ್ದ. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಆಂಬುಲೆನ್ಸಿನ ಇಬ್ಬರು ಬಂದು ಅವನನ್ನು ಸ್ಟ್ರೆಚರಿಗೆ ಕಟ್ಟಿದರು. ಆದರೆ ಸುರುಳಿಯ ಮೊದಲ ತಿರುವಿನಲ್ಲೇ ಸ್ಟ್ರೆಚರ್ ಸಿಕ್ಕಿಕೊಂಡಿತು. ಇವರನ್ನು ಕೂರಿಸಿ ಒಯ್ಯುವ ಹಾಗಿಲ್ಲ, ಬೇರೆ ದಾರಿ ಇಲ್ಲವೇ ಎಂದು ಅವರು ಕೇಳಿದರು.

ನೆಸ್ತಾ ಒಳಗೆ ಓಡಿದಳು. ಕಲ್ಲಿದ್ದಲು ಒಡೆಯುವ ಸುತ್ತಿಗೆ ತಂದು ಬಾಗಿಲಿಗೆ ಹೊಡೆದಿದ್ದ ಹಲಗೆಗೆ ಬೀಸಿದಳು. ಅಷ್ಟು ವರ್ಷ ನುಂಗಿಕೊಂಡಿದ್ದೆಲ್ಲ ಆ ಏಟುಗಳಲ್ಲಿತ್ತು. ಹಲಗೆ ಸೀಳಿ ಬಿತ್ತು. ಹಿಂದೆ ಹಸಿರು ಬಾಗಿಲು, ಬೀಗವೂ ಇಲ್ಲದೆ, ಹಾಗೇ ಇತ್ತು. ತಳ್ಳಿದಳು, ತೆರೆದುಕೊಂಡಿತು.

ಸದ್ದಿಗೆ ಎದ್ದು ಬಂದ ಕರ್ನಲ್ ಮನೆಯಂಗಿಯಲ್ಲೇ ದಾರಿಗಡ್ಡ ನಿಂತು, ಸಮಿತಿಯನ್ನು ಕೇಳದೆ ಇದೇನು ದಾಂಧಲೆ ಎಂದು ಶುರುಮಾಡಿದ.

"ಗೋಡೆ ಕಡೆ ಮುಖ ಮಾಡಿ ನಿಂತ್ಕೊಳ್ಳಿ, ಕರ್ನಲ್ರೇ," ಎಂದಳು ನೆಸ್ತಾ. ಸುತ್ತಿಗೆ ಇನ್ನೂ ಕೈಯಲ್ಲೇ ಇತ್ತು. "ನಮ್ಮನೆಯವ್ರು ಬರ್ತಿದ್ದಾರೆ."

ಆತ ಸ್ಟ್ರೆಚರಿನತ್ತ ನೋಡಿದ. ಓಡಾಡುವ ಜಾಗ ಇಕ್ಕಟ್ಟು, ಬೇರೆ ದಾರಿಯಿರಲಿಲ್ಲ. ಗೋಡೆಗೆ ಅಂಟಿಕೊಂಡು ಮುಖ ತಿರುಗಿಸಿ ನಿಂತ.

ಸ್ಟ್ರೆಚರಿನಲ್ಲಿ ವಿಲ್ಫ್ ಮುಂದೆ ಹೋದ, ದೊಡ್ಡ ಮೆಟ್ಟಿಲಿನ ರತ್ನಗಂಬಳಿಯ ಮೇಲೆ, ನಟ್ಟನಡುವೆ. ಅವಳು ಅವನ ಮುಖವನ್ನೇ ನೋಡುತ್ತ ಹಿಂದೆ ಇಳಿದಳು. ಕೆಳಗಿನ ತಿರುವಿನಲ್ಲಿ ಆಯ ತಪ್ಪಿದಂತಾಗಿ ತನ್ನ ಕಾಲು ನೋಡಿಕೊಂಡಳು. ಅವೆರಡೂ ಅಂಚಿನ ಬರಿಮರದ ಮೇಲೆ, ಒಂದರ ಹಿಂದೊಂದು, ಸದ್ದಿಲ್ಲದೆ ಇಳಿಯುತ್ತಿದ್ದವು.

"ಥೂ, ಹಾಳು ಕಾಲೇ," ಎಂದಳು ನೆಸ್ತಾ. ನಡುವಿಗೆ ಸರಿಯುವಷ್ಟರಲ್ಲಿ ಮೆಟ್ಟಿಲು ಮುಗಿದಿತ್ತು.